ಬಿಡಾರದಲ್ಲಿ ಹದಿಹರೆಯದವರ ಪಾಲು

ದಾರಿ ನಡೆದು ಬಂದವರು ನಡಿಗೆಯನ್ನು ಬಿಟ್ಟು, ಎತ್ತಿನ ಕೊರಳನ್ನು ನೊಗದಿಂದ ಬಿಡಿಸಿ ತಂಗುವ ಜಾಗಕ್ಕೆ ಕನ್ನಡದಲ್ಲಿ ಬೀಡು ಎಂಬ ಹೆಸರಿದೆ. ‘ಬಿಡು’ ಎಂಬ ಕ್ರಿಯಾಪದದಿಂದಲೇ ಹುಟ್ಟಿದ ಈ ಮಾತು ಶಾಸನಗಳಲ್ಲಿ ಅರಸರ ರಾಜಧಾನಿಯನ್ನು ಸೂಚಿಸುವ ‘ನೆಲೆವೀಡು’ ಎಂಬ ಪದದಲ್ಲಿ ಅಡಗಿದೆ. ಹೊಯ್ಸಳರ ದೋರಸಮುದ್ರ ಇಂದು ಹಳೇಬೀಡು ಎನಿಸಿಕೊಂಡಿರುವುದೂ ಇದೇ ಮಾತಿನಿಂದ. ಬಿಡಾರವೂ ಅದೇ ಕುಲದ ಪದ. ಆದ್ದರಿಂದ ಈಗ ಪೇಟೆಯ ಮನೆಗಳಲ್ಲಿ ಕ್ಯಾಂಪಿಂಗ್ ಎಂದು ಕರೆಯಲಾಗುವ ಸಂಗತಿ, ಅಂದರೆ ಮನೆಮಂದಿಯೆಲ್ಲ ಊರ ಹೊರಗೆ ಒಂದೆರಡು ರಾತ್ರಿ ಡೇರೆ ಹಾಕಿಕೊಂಡು, ತಾವೇ ಬೇಯಿಸಿಕೊಂಡು, ಬಯಲಿನಲ್ಲಿ ಕಾಲ ಕಳೆಯುವುದು, ಹೆಸರಿನಲ್ಲಿ ಹೊಸದಾದರೂ ನಡವಳಿಕೆಯಲ್ಲಿ ಹೊಸದಲ್ಲ. ಹೊಸದಾಗಿ ಕಾಣಿಸಿಕೊಂಡಿರುವುದು ಒಂದು ದೂರು ಮಾತ್ರ. ಎಂಟು ವರ್ಷದ ಮಗು ಮಣ್ಣು, ಕಲ್ಲು, ನೀರು ಕಂಡರೆ ಸಾಕು ಕುಣಿಯುತ್ತದೆ, ಹದಿನೈದು ವರ್ಷದ ಅದರ ಅಕ್ಕನೋ ಅಣ್ಣನೋ ಕಾರಿನ ಹಿಂದಿನ ಸೀಟಿನಲ್ಲಿ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮುಖ ಊದಿಸಿ ಕುಳಿತುಬಿಡುತ್ತಾರೆ ಎಂಬುದು ಆ ದೂರು. ಇದಕ್ಕೆ ವಯಸ್ಸಿನ ಸ್ವಭಾವವೇ ಕಾರಣವೆಂದು ಹಿರಿಯರು ತೀರ್ಮಾನಿಸುವುದುಂಟು. ಆದರೆ ಆ ಬಿಡಾರದಲ್ಲಿ ಅವರಿಗೆ ಕೊಟ್ಟಿರುವ ಸ್ಥಾನ ಯಾವುದು ಎಂದು ಮೊದಲು ಕೇಳಬೇಕಾಗುತ್ತದೆ. ಬಹುಮಟ್ಟಿಗೆ ಅದು ಡಿಕ್ಕಿಯಲ್ಲಿರುವ ಸಾಮಾನಿನ ಸ್ಥಾನವೇ ಆಗಿರುತ್ತದೆ.

ಹಳೆಯ ಬಿಡಾರಗಳಲ್ಲಿ ಹೀಗಿರಲಿಲ್ಲ. ಬೆಳಗಾವಿ ಜಿಲ್ಲೆಯ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಪುಷ್ಯ ಮಾಸದ ಬನದ ಹುಣ್ಣಿಮೆ ಮತ್ತು ಮಾಘ ಮಾಸದ ಭರತ ಹುಣ್ಣಿಮೆಯ ಜಾತ್ರೆಗಳಲ್ಲಿ ಉತ್ತರ ಕರ್ನಾಟಕದ ರೈತ ಕುಟುಂಬಗಳು ಚಕ್ಕಡಿ ಕಟ್ಟಿಕೊಂಡು, ರೊಟ್ಟಿಯ ಗಂಟು, ಮೇವಿನ ಸಿವುಡು, ಕಂಬಳಿಗಳನ್ನು ಹೇರಿಕೊಂಡು ಬಂದು, ಬಂಡಿಯ ನೆರಳನ್ನೇ ಮನೆ ಮಾಡಿಕೊಂಡು ಬಯಲಿನಲ್ಲಿ ಇಳಿದುಕೊಳ್ಳುವ ರೂಢಿ ತಲೆಮಾರುಗಳದ್ದು. ಅಂಥ ಪಯಣದಲ್ಲಿ ಮೀಸೆ ಚಿಗುರುತ್ತಿರುವ ಹುಡುಗನ ಕೈಯಲ್ಲಿ ಹಗ್ಗ ಇರುತ್ತದೆ, ಎತ್ತಿಗೆ ನೀರು ಕುಡಿಸುವ ಹೊಣೆ ಇರುತ್ತದೆ; ಅದೇ ವಯಸ್ಸಿನ ಹುಡುಗಿಯ ಲೆಕ್ಕದಲ್ಲಿ ಬುತ್ತಿ ಎಷ್ಟು ದಿನ ಬಂದೀತೆಂಬ ಅಂದಾಜು ಇರುತ್ತದೆ. ಅವರು ಆ ಕೆಲಸ ತಪ್ಪಿಸಿದರೆ ಇಡೀ ಬಂಡಿಗೇ ತೊಂದರೆಯಾಗುತ್ತದೆ ಎಂಬುದು ಅವರಿಗೂ ಹಿರಿಯರಿಗೂ ಗೊತ್ತಿರುತ್ತದೆ. ಹೆಣ್ಣಿಗೊಂದು ಗಂಡಿಗೊಂದು ಎಂದು ಕೆಲಸವನ್ನು ಸೀಳಿದ್ದು ಆ ಕಾಲದ ರೀತಿಯಾದ್ದರಿಂದ ಅದನ್ನು ಹಾಗೆಯೇ ಎತ್ತಿಕೊಳ್ಳಬೇಕಾಗಿಲ್ಲ. ಆದರೆ ಅಲ್ಲಿ ಹದಿಹರೆಯದವರು ಬೇಸರಪಟ್ಟುಕೊಳ್ಳಲು ಪುರಸತ್ತಿಲ್ಲದಷ್ಟು ಬೇಕಾದವರಾಗಿದ್ದರು ಎಂಬುದನ್ನು ಮರೆಯಲಾಗದು.

ಹದಿಹರೆಯ ಎಂದರೆ ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 10ರಿಂದ 19 ವರ್ಷದವರೆಗಿನ ಕಾಲ. ಕನ್ನಡದ ಬಳಕೆಯಲ್ಲಿ ಹದಿಮೂರರಿಂದ ಹತ್ತೊಂಬತ್ತರವರೆಗಿನ, ಬಹುಪಾಲು ‘ಹದಿ’ ಎಂದು ಮೊದಲಾಗುವ ವರ್ಷಗಳು. ಈ ವಯಸ್ಸಿನ ಒಲವು-ಮುನಿಸುಗಳನ್ನು ವಿವರಿಸಲು ಮನಶ್ಶಾಸ್ತ್ರದಲ್ಲಿ ಹಲವು ಸಿದ್ಧಾಂತಗಳಿದ್ದರೂ ಬಿಡಾರದ ವಿಷಯಕ್ಕೆ ಹೆಚ್ಚು ಉಪಯುಕ್ತವಾದುದು ಎಡ್ವರ್ಡ್ ಡೆಸಿ ಮತ್ತು ರಿಚರ್ಡ್ ರಯಾನ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು ಬೆಳೆಸಿದ ಸ್ವನಿರ್ಧಾರ ಸಿದ್ಧಾಂತ. ಮನುಷ್ಯನಿಗೆ ಒಂದು ಕೆಲಸದಲ್ಲಿ ಒಳಗಿನಿಂದಲೇ ಆಸಕ್ತಿ ಹುಟ್ಟಬೇಕಾದರೆ ಮೂರು ಬೇಡಿಕೆಗಳು ತೀರಬೇಕು ಎಂದು ಅದು ಹೇಳುತ್ತದೆ: ಆಯ್ಕೆ ತನ್ನದು ಎಂಬ ಸ್ವಾಯತ್ತತೆ, ಕೆಲಸ ತನ್ನ ಕೈಗೆ ಹತ್ತುತ್ತದೆ ಎಂಬ ಸಾಮರ್ಥ್ಯದ ಅರಿವು, ತನ್ನವರೆನಿಸುವವರ ಜೊತೆಗಿರುವ ಒಡನಾಟ. ತಂದೆ ಜಾಗ ಗೊತ್ತುಮಾಡಿ, ತಾಯಿ ಸಾಮಾನು ಕಟ್ಟಿ, ಗೆಳೆಯರನ್ನೆಲ್ಲ ಊರಿನಲ್ಲಿ ಬಿಟ್ಟು ಹೊರಟ ಬಿಡಾರದಲ್ಲಿ ಈ ಮೂರೂ ಒಟ್ಟಿಗೇ ತಪ್ಪಿಹೋಗುತ್ತವೆ ಎಂಬುದನ್ನು ಗಮನಿಸಿದರೆ ಹಿಂದಿನ ಸೀಟಿನ ಊದಿದ ಮುಖದ ಕಾರಣ ಬೇರೆಲ್ಲೂ ಹುಡುಕಬೇಕಾಗಿಲ್ಲ.

ಈ ತಿಳಿವಳಿಕೆ ಸಿದ್ಧಾಂತವಾಗಿ ರೂಪುಗೊಳ್ಳುವುದಕ್ಕೆ ಬಹಳ ಮೊದಲೇ ಪ್ರಯೋಗವಾಗಿ ನಡೆದಿತ್ತು. 1907ರ ಆಗಸ್ಟ್ ತಿಂಗಳ ಮೊದಲ ವಾರ ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಬ್ರೌನ್‌ಸೀ ಎಂಬ ಪುಟ್ಟ ದ್ವೀಪದಲ್ಲಿ ರಾಬರ್ಟ್ ಬೇಡನ್ ಪೊವೆಲ್ ಸುಮಾರು ಇಪ್ಪತ್ತು ಹುಡುಗರ ಒಂದು ಬಿಡಾರ ನಡೆಸಿದರು. ಮುಂದೆ ಲೋಕವೆಲ್ಲ ಹಬ್ಬಿದ ಸ್ಕೌಟ್ ಚಳವಳಿಯ ಬೀಜ ಅದು. ಸಿರಿವಂತರ ಶಾಲೆಯ ಹುಡುಗರನ್ನೂ ಬಡ ದುಡಿಮೆಗಾರರ ಮನೆಯ ಹುಡುಗರನ್ನೂ ಬೆರೆಸಿ, ತೋಳ, ಗೂಳಿ, ಕಾಗೆಯ ಕುಲದ ರೇವನ್, ಕಡಲಂಚಿನ ಕರ್ಲ್ಯೂ ಹಕ್ಕಿ ಎಂಬ ಹೆಸರುಗಳ ನಾಲ್ಕು ದಳಗಳನ್ನು ಮಾಡಿ, ಪ್ರತಿ ದಳಕ್ಕೂ ಹುಡುಗನೊಬ್ಬನನ್ನೇ ನಾಯಕನನ್ನಾಗಿ ನೇಮಿಸಿದ್ದು ಆ ಬಿಡಾರದ ವಿಶೇಷ. ಸೈನ್ಯದಲ್ಲಿ ಹೆಸರು ಮಾಡಿದ ಸೇನಾಧಿಕಾರಿಯೊಬ್ಬ ಅಪ್ಪಣೆ ಕೊಡುವ ತನ್ನ ಅಭ್ಯಾಸವನ್ನು ಹುಡುಗರ ಮುಂದೆ ಹಿಡಿತದಲ್ಲಿಟ್ಟುಕೊಂಡದ್ದು ದಳಪದ್ಧತಿ ಎಂದು ಕರೆಯಲಾಗುವ ಈ ಏರ್ಪಾಡಿನ ಗುಟ್ಟು. ಮನೆಯ ಹಿರಿಯರಿಗೆ ಕಲಿಯಲು ಎಲ್ಲಕ್ಕಿಂತ ಕಷ್ಟವಾಗುವುದೂ ಇದೇ.

ಹೊಣೆ ಎಂದಾಗ ಒಂದು ಎಚ್ಚರ ಬೇಕು. ನೀರು ತಾ, ಸೌದೆ ಆರಿಸು, ತಟ್ಟೆ ತೊಳೆ ಎಂದು ಹೇಳಿ ಮಾಡಿಸುವುದು ಕೆಲಸವೇ ಹೊರತು ಹೊಣೆಯಲ್ಲ; ಆಯ್ಕೆ ಮತ್ತು ಅದರ ಫಲ ಎರಡೂ ಒಬ್ಬರ ಕೈಯಲ್ಲೇ ಇದ್ದಾಗ ಮಾತ್ರ ಅದು ಹೊಣೆಯಾಗುತ್ತದೆ. ಎರಡು ರಾತ್ರಿಯ ಬಿಡಾರದಲ್ಲಿ ಇಡೀ ಅಡುಗೆಯ ಯೋಜನೆಯನ್ನು, ಅಂದರೆ ಏನು ಬೇಯಬೇಕು, ಎಷ್ಟು ಅಕ್ಕಿ-ಬೇಳೆ ಬೇಕು, ಎಷ್ಟು ದುಡ್ಡಿನೊಳಗೆ ಮುಗಿಯಬೇಕು ಎಂಬುದನ್ನೆಲ್ಲ, ಹದಿನಾರರ ಮಗಳಿಗೆ ಒಪ್ಪಿಸಿ, ದುಡ್ಡನ್ನೂ ಅವಳ ಕೈಗೇ ಕೊಡುವುದು ಹೊಣೆ. ನಕ್ಷೆಯ ಮೇಲೆ ದಾರಿಯನ್ನು ಗುರುತಿಸಿ, ಊಟಕ್ಕೆ ಎಲ್ಲಿ ನಿಲ್ಲಬೇಕು, ಕತ್ತಲಾಗುವ ಮುನ್ನ ತಲುಪಲು ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಹದಿನಾಲ್ಕರ ಮಗ ಗೊತ್ತುಮಾಡುವುದು ಹೊಣೆ. ಹೀಗೆ ಒಪ್ಪಿಸಿದ ಮೇಲೆ ಉಪ್ಪು ಮರೆತುಹೋದದ್ದು ಹೊರಡುವ ಮುನ್ನವೇ ತಾಯಿಯ ಕಣ್ಣಿಗೆ ಬಿದ್ದರೂ ಆಕೆ ಸುಮ್ಮನಿರಬೇಕಾಗುತ್ತದೆ. ಒಂದು ಹೊತ್ತು ಸಪ್ಪೆ ಅನ್ನ ಉಂಡ ಮಾತ್ರಕ್ಕೆ ಯಾರಿಗೂ ಏನೂ ಆಗುವುದಿಲ್ಲ, ಉಪ್ಪಿನಕಾಯಿಯ ಜಾಡಿಯಂತೂ ಚೀಲದಲ್ಲಿ ಇದ್ದೇ ಇರುತ್ತದೆ. ಔಷಧಿ, ಕುಡಿಯುವ ನೀರು, ಬೆಂಕಿ ಇವುಗಳಲ್ಲಿ ಮಾತ್ರ ತಪ್ಪಿಗೆ ಆಸ್ಪದವಿಲ್ಲದ್ದರಿಂದ ಅವು ಹಿರಿಯರ ಬಳಿಯೇ ಉಳಿಯುವುದು ಸರಿ.

ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿಕೊಂಡು ಕಾಡಿಗೆ ಹೊರಡುವ ತಂಡವನ್ನು ಕನ್ನಡ ಓದುಗರು ಬಲ್ಲರು. ಆ ತಂಡದಲ್ಲಿ ವಿಜ್ಞಾನಿಯ ಓದು ಒಂದು ಕಡೆಗಾದರೆ, ಮಂದಣ್ಣನ ಕಾಡಿನ ಕಣ್ಣು, ಬಿರಿಯಾನಿ ಕರಿಯಪ್ಪನ ಸೌಟು, ಪ್ರಭಾಕರನ ಕ್ಯಾಮೆರಾ ಇನ್ನೊಂದು ಕಡೆಗೆ. ಯಾರೊಬ್ಬರನ್ನು ಕೈಬಿಟ್ಟರೂ ಆ ಪಯಣ ಸಾಗದು. ಕುಟುಂಬದ ಬಿಡಾರಕ್ಕೆ ಇದಕ್ಕಿಂತ ಒಳ್ಳೆಯ ಮಾದರಿ ಬೇಕಾಗಿಲ್ಲ. ಹಕ್ಕಿಯ ಗುರುತು ಬಲ್ಲ ಮಗನನ್ನು ಅಡುಗೆಗೆ ಕೂರಿಸುವುದಾಗಲಿ, ಒಲೆಯ ಮುಂದೆ ಖುಷಿಪಡುವ ಮಗಳನ್ನು ಒತ್ತಾಯದಿಂದ ಬೆಟ್ಟ ಹತ್ತಿಸುವುದಾಗಲಿ ಯಾರಿಗೂ ಸುಖವಲ್ಲ.

ಊಟದ ಮಾತನ್ನು ಇನ್ನಷ್ಟು ವಿಸ್ತರಿಸಬಹುದು, ಏಕೆಂದರೆ ಬೆಳೆಯುವ ದೇಹದ ಹಸಿವು ಹಿರಿಯರ ಅಂದಾಜನ್ನು ಮೀರಿದ್ದು. ಬಿಡಾರದ ಅರ್ಧ ಜಗಳಗಳು ಹಸಿವಿನಿಂದಲೇ ಹುಟ್ಟುತ್ತವೆ. ಮನೆಯಿಂದ ಹೊರಡುವಾಗ ಗೊಜ್ಜವಲಕ್ಕಿ, ಜೋಳದ ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ, ಹುರಿಹಿಟ್ಟು, ಚಕ್ಕುಲಿ, ಬಾಳೆಹಣ್ಣು ಇವುಗಳನ್ನು ಕೈಗೆಟುಕುವಂತೆ ಇಟ್ಟುಕೊಂಡರೆ ಒಲೆ ಹೊತ್ತುವವರೆಗಿನ ಸಮಯ ಸುಲಭವಾಗಿ ಕಳೆಯುತ್ತದೆ. ಅಡುಗೆ ಒಂದೇ ಪಾತ್ರೆಯಲ್ಲಿ ಆಗುವಂಥದ್ದಾದರೆ ಕಲಿಯುವ ಕೈಗೆ ಅನುಕೂಲ. ಬಿಸಿಬೇಳೆ ಬಾತ್, ತರಕಾರಿ ಹಾಕಿದ ಉಪ್ಪಿಟ್ಟು, ಮೊಟ್ಟೆ ತಿನ್ನುವವರಿಗೆ ಮೊಟ್ಟೆ ಪಲಾವು ಇಂಥವು ಅರ್ಧ ಗಂಟೆಯಲ್ಲಿ ಮುಗಿಯುತ್ತವೆ. ಗೆಣಸು, ಜೋಳದ ತೆನೆ, ಹಸಿ ಶೇಂಗಾ ಇವನ್ನು ಕೆಂಡದಲ್ಲಿ ಸುಟ್ಟು ತಿನ್ನುವುದು ಅಡುಗೆಯೂ ಹೌದು, ಹೊತ್ತು ಕಳೆಯುವ ಆಟವೂ ಹೌದು. ಬೆಂಕಿಗೆ ಅನುಮತಿ ಇಲ್ಲದ ಕಡೆ ಸಣ್ಣ ಗ್ಯಾಸ್ ಒಲೆಯೊಂದೇ ಗತಿ; ಅದನ್ನು ಡೇರೆಯೊಳಗೆ ಹಚ್ಚಬಾರದು, ಏಕೆಂದರೆ ಮುಚ್ಚಿದ ಜಾಗದಲ್ಲಿ ಉರಿಯುವ ಒಲೆ ವಾಸನೆಯಿಲ್ಲದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವನ್ನು ಬಿಡುತ್ತದೆ, ಬಟ್ಟೆಯ ಗೋಡೆಗೆ ಬೆಂಕಿ ತಗುಲುವ ಭಯವೂ ಇದೆ. ಕುಡಿಯಲು ಮತ್ತು ಅಡುಗೆಗೆ ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರಾದರೂ ನೀರು ಬೇಕೆಂದು ಎಣಿಸಿಕೊಳ್ಳುವುದು ಕ್ಷೇಮ. ಹಳ್ಳದ ನೀರು ಎಷ್ಟು ತಿಳಿಯಾಗಿ ಕಂಡರೂ ಮಳ್ಳಿಸಿಯೇ ಕುಡಿಯಬೇಕು.

ಒಡನಾಟದ ಬೇಡಿಕೆಯನ್ನು ತೀರಿಸುವ ಬಗೆ ಸರಳವಾದುದು: ಗೆಳೆಯನನ್ನೋ ಗೆಳತಿಯನ್ನೋ ಅವರ ಮನೆಯವರ ಒಪ್ಪಿಗೆಯಿಂದ ಜೊತೆಗೆ ಕರೆದುಕೊಂಡು ಬರಲು ಬಿಡುವುದು, ಇಲ್ಲವೆ ಅತ್ತೆಯ ಮಕ್ಕಳು, ಚಿಕ್ಕಪ್ಪನ ಮಕ್ಕಳು ಸೇರುವಂತೆ ಎರಡು ಮನೆಗಳು ಒಟ್ಟಾಗಿ ಹೊರಡುವುದು. ತಂದೆಯ ಮಾತಿಗೆ ಕಿವಿಗೊಡದ ಹುಡುಗರು ಸೋದರಮಾವನ ಒಂದು ಮಾತಿಗೆ ಎದ್ದು ನಿಲ್ಲುವುದು ಕನ್ನಡ ನಾಡಿನ ಮನೆಗಳಲ್ಲಿ ಹಳೆಯ ಸಂಗತಿಯಾದ್ದರಿಂದ ಮಾವನನ್ನು ಕರೆಯುವುದು ಲಾಭದ ವಿಷಯ. ಇದರ ಜೊತೆಗೆ ಹದಿಹರೆಯದವರಿಗೆ ಬೇರೆಯದೇ ಒಂದು ಸಣ್ಣ ಡೇರೆ ಇರಬೇಕು. ಅದು ಹಿರಿಯರ ಡೇರೆಯಿಂದ ಕೂಗಿದರೆ ಕೇಳಿಸುವಷ್ಟು ಹತ್ತಿರವೂ, ಪಿಸುಮಾತು ಕೇಳಿಸದಷ್ಟು ದೂರವೂ ಇರಬೇಕು. ಮಟ್ಟಸವಾದ ಎತ್ತರದ ಜಾಗ ಹುಡುಕುವುದು, ತಲೆಯ ಮೇಲೆ ಒಣಕೊಂಬೆ ಇಲ್ಲವೆಂದು ನೋಡಿಕೊಳ್ಳುವುದು, ಗೂಟ ಬಡಿದು ಹಗ್ಗ ಬಿಗಿಯುವುದು, ಮಳೆಗೆ ತಡೆಯಾಗುವ ಹೊರಹೊದಿಕೆಯನ್ನು ಒಳಬಟ್ಟೆಗೆ ತಾಗದಂತೆ ಎಳೆದು ಕಟ್ಟುವುದು, ಇವೆಲ್ಲವನ್ನೂ ಅವರೇ ಮಾಡಿಕೊಂಡ ಡೇರೆಯಲ್ಲಿ ಅವರಿಗೆ ಬರುವ ನಿದ್ದೆಯೇ ಬೇರೆ.

ಹೆಣ್ಣುಮಕ್ಕಳ ವಿಷಯದಲ್ಲಿ ಎಲ್ಲರೂ ಸಂಕೋಚದಿಂದ ಬಿಟ್ಟುಬಿಡುವ ಮಾತೊಂದಿದೆ. ಬಿಡಾರವೆಂದರೆ ಹುಡುಗಿ ಮುಖ ತಿರುಗಿಸುವುದಕ್ಕೆ ಅನೇಕ ವೇಳೆ ಆಕೆ ಬಾಯಿಬಿಟ್ಟು ಹೇಳದ ಕಾರಣ ಶೌಚದ ಚಿಂತೆ ಮತ್ತು ಮುಟ್ಟಿನ ದಿನಗಳ ಚಿಂತೆ. ಆದ್ದರಿಂದ ದಿನ ಗೊತ್ತುಮಾಡುವ ಮೊದಲೇ ಆಕೆಯನ್ನು ಕೇಳುವುದು, ಶೌಚಾಲಯವಿರುವ ಜಾಗವನ್ನೇ ಆರಿಸುವುದು, ಪ್ಯಾಡ್, ಸಾಬೂನು, ಸಾಕಷ್ಟು ನೀರು, ಬಳಸಿದ್ದನ್ನು ಊರಿಗೆ ಮರಳಿ ತರಲು ಗಟ್ಟಿಯಾದ ಕಪ್ಪು ಚೀಲ ಇವುಗಳನ್ನು ಕೇಳದೆಯೇ ಒದಗಿಸುವುದು ತಾಯ್ತಂದೆಯರ ಕರ್ತವ್ಯ. ಇಷ್ಟು ಆದರೆ ಹೊರಡಲು ಒಲ್ಲೆನೆಂಬ ಹಟ ಎಷ್ಟೋ ಮನೆಗಳಲ್ಲಿ ತಾನಾಗಿ ಕರಗೀತು.

ಬೆಳಗ್ಗೆ ಆರಕ್ಕೆ ಎಬ್ಬಿಸಿ ಸೂರ್ಯೋದಯ ತೋರಿಸುವ ಹುರುಪು ಹಿರಿಯರದ್ದು. ಹದಿಹರೆಯದಲ್ಲಿ ನಿದ್ದೆಯನ್ನು ಬರಿಸುವ ಮೆಲಟೋನಿನ್ ಎಂಬ ರಸದೂತ ರಾತ್ರಿ ತಡವಾಗಿ ಸ್ರವಿಸತೊಡಗುತ್ತದೆ ಎಂಬುದನ್ನು ಮೇರಿ ಕಾರ್ಸ್ಕಡನ್ ಮೊದಲಾದ ನಿದ್ರಾವಿಜ್ಞಾನಿಗಳು ತೋರಿಸಿಕೊಟ್ಟಿದ್ದಾರೆ. ಈ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆಯ ನಿದ್ದೆ ಬೇಕೆಂಬುದೂ ತಜ್ಞರ ಮತ. ಹೀಗಾಗಿ ತಡವಾಗಿ ಏಳುವುದನ್ನು ಸೋಮಾರಿತನವೆನ್ನುವುದು ತಪ್ಪಾಗುತ್ತದೆ. ಬಿಡಾರದಲ್ಲಿ ಇನ್ನೊಂದು ಕುತೂಹಲದ ಸಂಗತಿಯೂ ಇದೆ. ಕೊಲರಾಡೊ ವಿಶ್ವವಿದ್ಯಾಲಯದ ಕೆನ್ನೆತ್ ರೈಟ್ ಮತ್ತು ಸಂಗಡಿಗರು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಂಟು ಜನ ವಯಸ್ಕರು ವಿದ್ಯುತ್ ದೀಪವಿಲ್ಲದೆ, ಹಗಲಿನ ಬೆಳಕು ಮತ್ತು ಶಿಬಿರಾಗ್ನಿಯ ಬೆಳಕಷ್ಟರಲ್ಲೇ ಒಂದು ವಾರ ರಾಕಿ ಪರ್ವತಗಳಲ್ಲಿ ಬಿಡಾರ ಹೂಡಿದಾಗ ಅವರ ದೇಹದ ಗಡಿಯಾರ ಸುಮಾರು ಎರಡು ಗಂಟೆ ಹಿಂದಕ್ಕೆ ಸರಿದು, ನಿದ್ದೆ ಬೇಗನೆ ಬರತೊಡಗಿತು. ಹದಿಹರೆಯದವರಲ್ಲೂ ಇಷ್ಟೇ ಆಗುತ್ತದೆಂದು ಇದರಿಂದ ಹೇಳಲಾಗದು. ಆದ್ದರಿಂದ ಬೆಳಗಿನ ಕಾರ್ಯಕ್ರಮವನ್ನು ಕೈಬಿಟ್ಟು ರಾತ್ರಿಯನ್ನು ಅವರಿಗೆ ಬಿಟ್ಟುಕೊಡುವುದೇ ಜಾಣತನ.

ರಾತ್ರಿಗೆ ಒಪ್ಪುವ ಕೆಲಸ ಆಕಾಶದಲ್ಲೇ ಇದೆ. ಧ್ರುವ ನಕ್ಷತ್ರವು ದಿಗಂತದಿಂದ ಎಷ್ಟು ಡಿಗ್ರಿ ಎತ್ತರದಲ್ಲಿ ಕಾಣುತ್ತದೆಯೋ ಹೆಚ್ಚುಕಡಿಮೆ ಅಷ್ಟೇ ಆ ಊರಿನ ಅಕ್ಷಾಂಶವಾಗಿರುತ್ತದೆ, ಅಂದರೆ ಸಮಭಾಜಕ ವೃತ್ತದಿಂದ ಉತ್ತರಕ್ಕಿರುವ ಕೋನದೂರ. ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿಯಾದ್ದರಿಂದ ಚಾಮರಾಜನಗರದ ಬಯಲಿನಲ್ಲಿ ಧ್ರುವ ಒಂದು ಮುಷ್ಟಿಗಿಂತ ತುಸು ಮೇಲೆ, ಸುಮಾರು 12 ಡಿಗ್ರಿಯಲ್ಲಿ ಸಿಕ್ಕಿದರೆ, ಬೀದರಿನಲ್ಲಿ ಅದೇ ನಕ್ಷತ್ರ ಎರಡು ಮುಷ್ಟಿಯ ಹತ್ತಿರ, ಸುಮಾರು 18 ಡಿಗ್ರಿಯಲ್ಲಿ ಸಿಗುತ್ತದೆ. ಶಾಲೆಯ ಭೂಗೋಳದಲ್ಲಿ ಬಾಯಿಪಾಠವಾಗಿದ್ದ ಅಕ್ಷಾಂಶವನ್ನು ಸ್ವಂತ ಮುಷ್ಟಿಯಿಂದ ಅಳೆದಾಗ ಹದಿನೈದರ ಹುಡುಗನಿಗೆ ಆಗುವ ಹಿಗ್ಗು ಸಣ್ಣದಲ್ಲ. ಚಳಿಗಾಲದ ರಾತ್ರಿಗಳಲ್ಲಿ ಕೃತ್ತಿಕೆಯ ಗೊಂಚಲು, ರೋಹಿಣಿಯ ಕೆಂಪು, ಮಹಾವ್ಯಾಧನ ಮೂರು ಚುಕ್ಕೆಗಳ ಪಟ್ಟಿ, ಅದರ ಬೆನ್ನಿಗೆ ಲುಬ್ಧಕ, ದಕ್ಷಿಣದಲ್ಲಿ ಅಗಸ್ತ್ಯ ಎಂದು ಸಾಲಾಗಿ ಎದ್ದು ಬರುವ ತಾರೆಗಳಿಗೆ ದುರ್ಬೀನು ಬೇಕಾಗಿಲ್ಲ. ಮುಂಗಾರಿಗೆ ಮೊದಲಿನ ವಾರಗಳಲ್ಲಿ ಪಶ್ಚಿಮ ಘಟ್ಟದ ಮರಗಳಲ್ಲಿ ಸಾವಿರಾರು ಮಿಂಚುಹುಳುಗಳು ಒಂದೇ ತಾಳಕ್ಕೆ ಹೊತ್ತಿ ಆರುವುದನ್ನು ಕಂಡವರಿಗಂತೂ ಮೊಬೈಲಿನ ನೆನಪು ಬಾರದು.

ಮೊಬೈಲಿನ ವಿಷಯದಲ್ಲಿ ದೊಡ್ಡ ವಾದ ಬೇಕಾಗಿಲ್ಲ. ಮಲೆನಾಡಿನ ಎಷ್ಟೋ ಕಣಿವೆಗಳಲ್ಲಿ ಸಿಗ್ನಲ್ ಸಿಗುವುದೇ ಇಲ್ಲ ಎಂಬುದನ್ನು ಮೊದಲೇ ತಿಳಿಸಿ, ನಕ್ಷೆ ಮತ್ತು ಹಾಡುಗಳನ್ನು ಮನೆಯಲ್ಲೇ ಇಳಿಸಿಕೊಳ್ಳಲು ಹೇಳಿದರೆ ಸಾಕು. ಕಿತ್ತುಕೊಂಡ ಮೊಬೈಲು ಎರಡು ದಿನದ ಜಗಳವಾಗುತ್ತದೆ. ತಂದೆಯೇ ಕಚೇರಿಯ ಕರೆಗೆಂದು ಗುಡ್ಡದ ಮೇಲೆ ಸಿಗ್ನಲ್ ಹುಡುಕುತ್ತ ನಿಂತರೆ ಮಗನಿಗೆ ಬುದ್ಧಿ ಹೇಳುವ ಅಧಿಕಾರ ಅಲ್ಲಿಗೇ ಮುಗಿಯುತ್ತದೆ.

ಕಾನೂನು ಮತ್ತು ಕ್ಷೇಮದ ಮಾತುಗಳನ್ನು ಹದಿಹರೆಯದವರ ಮುಂದೆ ಬಿಚ್ಚಿಡುವುದು ಅವರನ್ನು ದೊಡ್ಡವರೆಂದು ಒಪ್ಪಿಕೊಂಡ ಗುರುತು. ಅಭಯಾರಣ್ಯ ಮತ್ತು ರಾಷ್ಟ್ರೀಯ ಉದ್ಯಾನಗಳೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದೂ ಬೆಂಕಿ ಹಚ್ಚುವುದೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅಪರಾಧ. ಅರಣ್ಯ ಇಲಾಖೆಯ ಚಾರಣದ ದಾರಿಗಳಿಗೆ ಮುಂಚಿತವಾಗಿ ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಬೇಕು. ಮೊದಲ ಸಲ ಹೊರಡುವವರಿಗೆ ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್ ಸಂಸ್ಥೆ ಕಾವೇರಿ ದಡದ ಭೀಮೇಶ್ವರಿಯಂಥ ಕಡೆಗಳಲ್ಲಿ ನಡೆಸುವ ಶಿಬಿರಗಳು ಸುರಕ್ಷಿತ. ನದಿಯ ಮರಳ ದಿಬ್ಬ ಡೇರೆಗೆ ಎಷ್ಟೇ ಅಂದವಾಗಿ ಕಂಡರೂ ಮೇಲಿನ ಅಣೆಕಟ್ಟಿನಿಂದ ನೀರು ಬಿಟ್ಟಾಗ, ಇಲ್ಲವೆ ದೂರದ ಬೆಟ್ಟದಲ್ಲಿ ಮಳೆ ಸುರಿದಾಗ, ಇಲ್ಲಿ ಮೋಡವೇ ಇಲ್ಲದೆ ಹೊಳೆ ಏರುತ್ತದೆ. ಮಳೆಗಾಲದ ಮಲೆನಾಡಿನಲ್ಲಿ ಇಂಬಳ ಹತ್ತುವುದು ಕಿರಿಕಿರಿಯೇ ಹೊರತು ಅಪಾಯವಲ್ಲ. ಉಪ್ಪು ಸೋಕಿಸಿದರೆ ಬಿಡುತ್ತದೆ. ಉಣುಗು ಹಾಗಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆಯನ್ನು ಹರಡುವುದು ಈ ಉಣುಗೇ. ಚಳಿಗಾಲದ ಆರಂಭದಿಂದ ಬೇಸಿಗೆ ಮುಗಿಯುವವರೆಗೆ, ಅಂದರೆ ಬಿಡಾರಕ್ಕೆ ಜನ ಇಷ್ಟಪಡುವ ತಿಂಗಳುಗಳಲ್ಲೇ, ಇದರ ಹಾವಳಿ. ಆದ್ದರಿಂದ ಶಿವಮೊಗ್ಗ, ಉತ್ತರ ಕನ್ನಡ, ಚಿಕ್ಕಮಗಳೂರು ಸೀಮೆಯ ಕಾಡಂಚಿಗೆ ಹೊರಡುವ ಮುನ್ನ ಅಲ್ಲಿನ ಆರೋಗ್ಯ ಕೇಂದ್ರದಲ್ಲಿ ವಿಚಾರಿಸುವುದು, ಮೈತುಂಬ ಬಟ್ಟೆ ತೊಡುವುದು, ತರಗೆಲೆಯ ಮೇಲೆ ಕೂರದಿರುವುದು, ಮಂಗ ಸತ್ತು ಬಿದ್ದ ಜಾಗದಿಂದ ದೂರವಿರುವುದು, ಬಂದ ಕೂಡಲೇ ಬಿಸಿನೀರಿನಲ್ಲಿ ಮೀಯುವುದು ಅಗತ್ಯ.

ಇಷ್ಟನ್ನೆಲ್ಲ ಮೊದಲ ಸಲವೇ ಕಾಡಿನಲ್ಲಿ ಪರೀಕ್ಷಿಸಬೇಕಾಗಿಲ್ಲ. ಡೇರೆ ಕಟ್ಟುವುದು, ಒಲೆ ಹೊತ್ತಿಸುವುದು, ಕತ್ತಲಲ್ಲಿ ಸಾಮಾನು ಹುಡುಕುವುದು ಇವುಗಳ ತಾಲೀಮು ಮನೆಯ ತಾರಸಿಯ ಮೇಲೋ ಊರಿನ ಹಿತ್ತಲಿನಲ್ಲೋ ಒಂದು ರಾತ್ರಿ ನಡೆದರೆ ಏನು ಮರೆತಿದೆ, ಯಾರಿಗೆ ಯಾವ ಕೆಲಸ ಒಗ್ಗುತ್ತದೆ ಎಂಬುದು ಅಲ್ಲಿಯೇ ಗೊತ್ತಾಗುತ್ತದೆ. ಅದಕ್ಕೆ ಒಪ್ಪುವ ರಾತ್ರಿಯೂ ಒಂದಿದೆ. ಪ್ರತಿ ವರ್ಷ ಡಿಸೆಂಬರ್ 13 ಮತ್ತು 14ರ ನಡುವಿನ ಇರುಳು ಫೀಥಾನ್ ಎಂಬ ಕ್ಷುದ್ರಗ್ರಹ ಬಿಟ್ಟುಹೋದ ಧೂಳಿನ ಹಾದಿಯನ್ನು ಭೂಮಿ ಹಾಯುವಾಗ ಮಿಥುನ ರಾಶಿಯ ಕಡೆಯಿಂದ ಉಲ್ಕೆಗಳು ಹೆಚ್ಚಾಗಿ ಉದುರುತ್ತವೆ. ನಡುರಾತ್ರಿ ಕಳೆದು ಒಂದೆರಡು ಗಂಟೆಯ ಹೊತ್ತಿಗೆ ಮಿಥುನ ನೆತ್ತಿಗೆ ಬಂದಿರುತ್ತದೆ. ಪಂಚಾಂಗದಲ್ಲಿ ಅಂದು ಚಂದ್ರ ಯಾವಾಗ ಮುಳುಗುತ್ತಾನೆಂದು ನೋಡಿಕೊಂಡು, ಡೇರೆಯನ್ನು ಮಕ್ಕಳ ಕೈಗೆ ಕೊಟ್ಟು, ಹಿರಿಯರು ಅಂದು ಅತಿಥಿಗಳಾಗಿ ತಾರಸಿ ಹತ್ತಿದರೆ ಆಯಿತು. ಹೊದಿಯಲು ಕಂಬಳಿಯನ್ನು ಮಾತ್ರ ತಾವೇ ಒಯ್ಯಬೇಕು.